ಬಾಳು ಹೇಳುವವಳು

ಜೂನ್ ೧೧, ೧೯೭೮. ಭಾನುವಾರ

ನಲ್ಲಿ ಇವತ್ತೂ ಬೇಗ ನಿಂತಿತು. ಎರಡೇ ಕೊಡ ನೀರು. ಮೂರನೆಯದಕ್ಕೆ ಎದುರುಮನೆ ಅಮ್ಮಾಜಮ್ಮನ ಜೊತೆ ಜಗಳ. ಅವಳೇ ಗೆದ್ದಳು. ಅವಳ ಬಾಯಿಗೆ ನಲ್ಲಿಯೂ ಹೆದರುತ್ತದೆ.

ಕೋದಂಡಪ್ಪನವರಿಗೆ ರಾಗಿ ಗಂಜಿ ಕೊಟ್ಟು ಬಂದೆ. ಎರಡು ಗುಟುಕು ಕುಡಿದು ಸಾಕು ಅಂದರು. ಗಣಿಯ ಧೂಳು ಎದೆಯಲ್ಲಿ ಕೂತುಬಿಟ್ಟಿದೆ. ಉಸಿರು ಎಳೆದರೆ ಬೀದಿಗೆ ಕೇಳಿಸುತ್ತದೆ. ನಮ್ಮ ಮನೆಯವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಮನುಷ್ಯ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ ಹುಡುಗನನ್ನು ಕೈಹಿಡಿದು ಇಲ್ಲಿಗೆ ಕರೆತಂದರಂತೆ... ನನಗೆ ಗೊತ್ತಿರುವುದು ಅಷ್ಟೇ. ಅದಕ್ಕೆ ಹಿಂದಿನದನ್ನು ಇವರೂ ಹೇಳಿಲ್ಲ, ನಾನೂ ಕೆದಕಿಲ್ಲ. ಕೇಳಿದರೆ "ಅದೆಲ್ಲ ಯಾಕೀಗ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಏಳುವಾಗ ಕೋದಂಡಪ್ಪ ನನ್ನ ಕೈ ಹಿಡಿದುಕೊಂಡರು. "ಇನ್ಮೇಲೆ ಬಾಳು ನೀನೇ ಏಳ್ಬೇಕಮ್ಮ. ಓದ್ದೋಳು ನೀನು."

ನೀವೇ ಇನ್ನೂ ಎಷ್ಟೋ ಜನರದ್ದು ಹೇಳುತ್ತೀರಿ ಅಂದೆ. ನಕ್ಕರು. ನಗು ಕೆಮ್ಮಾಯಿತು.

ಜೂನ್ ೨೩

ಕೋದಂಡಪ್ಪ ಹೋದರು. ಮೊನ್ನೆ ಮಣ್ಣು ಮಾಡಿದ್ದು, ಇವತ್ತು ಹಾಲುತುಪ್ಪ.

ಚಾಂಪಿಯನ್ ರೀಫ್ಸ್ ಗಣಿಯ ಸುತ್ತ ಕೆಲಸಗಾರರ ಮನೆಸಾಲು, ಲೈನುಗಳು, ಇಷ್ಟೊಂದಿವೆ, ಈ ಪದ್ಧತಿ ಇರುವುದು ನಮ್ಮದೊಂದರಲ್ಲೇ. ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ದೂರ ನಿಂತು, ಒಬ್ಬರು ಬಾಳು ಹೇಳಬೇಕು. ಮೊದಲು ಹೆಸರು. ಆಮೇಲೆ ಬಾಳು. ಹೋದವರ ಎದೆಯಲ್ಲಿದ್ದದ್ದನ್ನು ಹೇಳಿದರೆ ಕಾಗೆ ಇಳಿದು ಎಲೆ ಮುಟ್ಟುತ್ತದೆ. ಮುಟ್ಟುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಇಷ್ಟು ವರ್ಷ ಕೋದಂಡಪ್ಪನವರೇ ಹೇಳುತ್ತಿದ್ದರು. ಇವತ್ತು ಅವರದ್ದನ್ನೇ ನಾನು ಹೇಳಬೇಕಾಯಿತು. ಸ್ಕೂಲಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು!

ಹೇಳಿದೆ. ಹುಟ್ಟಿದ್ದು ಇಂಥ ಊರು, ಗಣಿಗೆ ಸೇರಿದ್ದು ಇಂಥ ವರ್ಷ, ರಿಟೈರ್ ಆಗಿದ್ದು ಇಂಥ ವರ್ಷ. ಟಿ.ಸಿ. ಓದಿದ ಹಾಗಿತ್ತು. ಕಾಗೆ ಗೋಡೆಯ ಮೇಲೆ ಕೂತು ಕೊಕ್ಕು ಉಜ್ಜಿಕೊಂಡಿತು. ಬಿಸಿಲೇರಿತು. ಮಕ್ಕಳು ಹಸಿವೆಂದು ರಾಗ ತೆಗೆದವು. ಯಾರೂ ನನ್ನ ಮುಖ ನೋಡಲಿಲ್ಲ.

ಕೊನೆಗೆ ಹಿಂದಿನಿಂದ ಪೆರುಮಾಳ್ ಬಾಯಿಬಿಟ್ಟ. ಪಕ್ಕದ ಮನೆಯವನು, ಗಣಿಯಲ್ಲಿ ನಮ್ಮ ಮನೆಯವರ ಗ್ಯಾಂಗಿನಲ್ಲೇ ಕೆಲಸ. "ಟೀಚರಮ್ಮಾ, ಕೆಳ್ಗೆ ಟಿಫಿನ್ ಬಿಚ್ಚಿದ್ರೆ ಅವ್ರು ಮೊದ್ಲು ತುತ್ತು ಇಲಿಗೆ ಆಕ್ತಿದ್ರು. ಇಲಿ ಓಡಿದ್ರೆ ನಾವೂ ಓಡ್ಬೇಕು, ಅದೇ ನಮ್ಗೆ ಮೇಸ್ತ್ರಿ ಅಂತಿದ್ರು."

ಕಾಗೆ ಇಳಿಯಿತು.

ಇವರು ಟವಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ಮನೆಗೆ ಬಂದರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ ೮

ಮಧ್ಯಾಹ್ನ ನೆಲ ನಡುಗಿತು. ಗೂಡಿನಲ್ಲಿದ್ದ ಲೋಟ ಬಿತ್ತು. ಕೆಳಗೆಲ್ಲೋ ಬಂಡೆ ಸಿಡಿದಿದೆ. ಹೆಂಗಸರೆಲ್ಲ ಬಾಗಿಲಿಗೆ ಬಂದೆವು. ಅಪಘಾತವಾದರೆ ಊದುವ ಗಣಿಯ ಸೈರನ್, ಸಂಗು, ಕೂಗುತ್ತದೇನೋ ಎಂದು ಕಿವಿಗೊಟ್ಟು ನಿಂತೆವು. ಕೂಗಲಿಲ್ಲ. ಒಲೆಯ ಮೇಲಿನ ಸಾರು ನೆನಪಾಗಿ ಒಳಗೆ ಹೋದೆವು.

ಒಂದು ನಿಶ್ಚಯ ಮಾಡಿದ್ದೇನೆ. ಇನ್ನೊಂದು ಸಲ ಹಾಗೆ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಜನ ಬದುಕಿರುವಾಗಲೇ ಅವರವರ ಬಾಳು ಕೇಳಿಟ್ಟುಕೊಳ್ಳುವುದು. ಪರೀಕ್ಷೆಗೆ ಮೊದಲೇ ಓದಿಕೊಂಡ ಹಾಗೆ.

ಜುಲೈ ೧೬

ಕೊನೇಮನೆ ನರಸಮ್ಮನ ಹತ್ತಿರ ಕೂತಿದ್ದೆ. ಮುದುಕಿಗೆ ಕಾಲು ಊದಿದೆ, ನಾಲಗೆಗೆ ಏನೂ ಆಗಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಒಂದು ದಿನ ಗಂಡನ ಚಡ್ಡಿ, ಬೂಟು, ಟೋಪಿ ಹಾಕಿಕೊಂಡು ಶಾಫ್ಟಿನ ಗೇಟಿನ ತನಕ ಹೋಗಿದ್ದಳಂತೆ. ವಾಚ್‌ಮನ್ ಬಳೆ ನೋಡಿ ಹಿಡಿದನಂತೆ.

ಯಾಕೆ ಹೋದೆ ಅಂದೆ.

"ಅವ್ನು ದಿನಾ ಓಗೋ ಜಾಗ ಎಂಗದೆ ಅಂತ ನೋಡ್ಬೇಕು ಅನ್ನಿಸ್ತು ಕಣಮ್ಮ. ಇನ್ನೇನಿಲ್ಲ."

ಈ ಮಾತು ಎದೆಗೆ ತಾಗಿತು. ನನಗೂ ಎಷ್ಟೋ ಸಲ ಅನ್ನಿಸಿದೆ.

ಆಗಸ್ಟ್ ೨

ನರಸಮ್ಮನ ಹಾಲುತುಪ್ಪ. ಬೂಟಿನ ಕಥೆ ಮುಗಿಯುವ ಮೊದಲೇ ಕಾಗೆ ಎಲೆಯ ಮೇಲಿತ್ತು. ಅಳುತ್ತಿದ್ದವರೂ ನಕ್ಕರು. ಅಮ್ಮಾಜಮ್ಮ ಕೂಡ ಬಂದು ಕೈ ಹಿಡಿದಳು. ಪಾಪದವಳು ಅನ್ನಿಸಿತು, ಬಾಯಿ ಒಂದು ಬಿಟ್ಟರೆ.

ಸಾವಿನ ಮನೆಯಲ್ಲಿ ಹೆಮ್ಮೆಪಡಬಾರದು. ಪಟ್ಟೆ.

ಆಗಸ್ಟ್ ೨೭

ಇವತ್ತು ನಮ್ಮ ಲೈನಿನ ದೊಡ್ಡವೆಂಕಟಪ್ಪನವರ ಹತ್ತಿರ ಕೂತಿದ್ದೆ. ಅವರದೂ ಎದೆಯ ಕಾಯಿಲೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ, ಮಲಗಿದರೆ ಉಸಿರು ಕಟ್ಟುತ್ತದೆ. ಹಿತ್ತಿಲಿನಲ್ಲಿ ಬಚ್ಚಲು ನೀರಿಗೆ ಕನಕಾಂಬರ ಬೆಳೆಸಿ ಲೈನಿನ ಹೆಣ್ಣುಮಕ್ಕಳಿಗೆಲ್ಲ ಹಂಚುತ್ತಿದ್ದವರು. ನನ್ನ ತಲೆಗೂ ಎಷ್ಟು ಸಲ ಬಂದಿದೆ ಆ ಹೂವು. ಹೂವೇ ಯಾಕೆ ಅಂತ ಕೇಳಿದೆ. ಅಲ್ಲಿಯ ತನಕ ಕನ್ನಡದಲ್ಲಿ ಮಾತಾಡುತ್ತಿದ್ದವರು ತೆಲುಗಿಗೆ ತಿರುಗಿಬಿಟ್ಟರು. "ಕಿಂದ ಪೂಲು ಲೇವಮ್ಮಾ." ಕೆಳಗೆ ಹೂವಿಲ್ಲ. ಅಷ್ಟು ಹೇಳಿ ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಸೆಪ್ಟೆಂಬರ್ ೧೪

ದೊಡ್ಡವೆಂಕಟಪ್ಪನವರದ್ದೂ ಮುಗಿಯಿತು. ಎಲೆಯ ಪಕ್ಕ ಒಂದು ಹಿಡಿ ಕನಕಾಂಬರ ಇಟ್ಟಿದ್ದೆ. ಕಾಗೆ ತಡಮಾಡಲಿಲ್ಲ.

ಆದರೆ ಈ ಸಲ ಯಾರೂ ಕೈ ಹಿಡಿಯಲಿಲ್ಲ. ಅಮ್ಮಾಜಮ್ಮ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಕಾಗೆ ನೋಡುವ ಹಾಗೆ, ಕತ್ತು ಓರೆ ಮಾಡಿ.

ಇವರಿಗೆ ಹೇಳಿದೆ. ನಕ್ಕುಬಿಟ್ಟರು. ಕಾಯಿಲೆಯವರನ್ನೇ ಹುಡುಕಿಕೊಂಡು ಹೋಗಿ ಕೇಳಿದರೆ ಸಾಯದೆ ಇನ್ನೇನು ಮಾಡುತ್ತಾರೆ, ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅಂದರು. ಅದೂ ಸರಿಯೇ. ಗಾದೆ ಮಾಡಿದವನಿಗೂ ಬೇರೆ ಹಕ್ಕಿ ಸಿಗಲಿಲ್ಲ ನೋಡಿ.

ಅಕ್ಟೋಬರ್ ೧

ನಿನ್ನೆ ಬಂಗಾರಪೇಟೆಗೆ ಸ್ಕೂಲಿಗೆ ಹೋಗುವಾಗ ಟ್ರೈನಿನಲ್ಲಿ ಕುಪ್ಪುಸ್ವಾಮಿ ಸಿಕ್ಕಿದ್ದ. ನಮ್ಮ ಲೈನಿನ ಎರಡನೇ ಮನೆ. ಕಲ್ಲುಗುಂಡಿನಂಥ ಆಳು. ನಾನು ಏನೂ ಕೇಳಲಿಲ್ಲ. ದೇವರಾಣೆ ಕೇಳಲಿಲ್ಲ. ತಾನಾಗಿ ಶುರು ಮಾಡಿದ. ಚಿಕ್ಕಂದಿನಲ್ಲಿ ಬೆಂಗಳೂರಿಗೆ ಓಡಿಹೋಗಿ ಸಿನಿಮಾ ಟೆಂಟಿನ ಹಿಂದೆ ಮಲಗುತ್ತಿದ್ದದ್ದು, ಪರದೆಯ ಹಿಂದಿನಿಂದ ಎಲ್ಲ ಚಿತ್ರಗಳನ್ನೂ ತಿರುವುಮುರುವಾಗಿ ನೋಡಿದ್ದು. ಇವತ್ತಿಗೂ ಹೀರೋ ಎಡಗೈಯಲ್ಲಿ ಹೊಡೆದರೇ ಸರಿ ಅನ್ನಿಸುತ್ತದಂತೆ. ನಕ್ಕು ನಕ್ಕು ಬಂಗಾರಪೇಟೆ ಬಂದದ್ದೇ ತಿಳಿಯಲಿಲ್ಲ. ಇಳಿಯುವಾಗ "ನನ್ದೂ ಬರ್ಕೊಳಿ ಟೀಚರೇ" ಅಂದ.

ತಮಾಷೆಗೆ ಅಂದದ್ದು.

ಅಕ್ಟೋಬರ್ ೧೩

ಕುಪ್ಪುಸ್ವಾಮಿ ನಿನ್ನೆ ರೇಷನ್ ಕ್ಯೂನಲ್ಲಿ ನಿಂತಲ್ಲೇ ಕುಸಿದ. ಹಾರ್ಟ್ ಅಂತೆ. ಕೈಯಲ್ಲಿ ಸಕ್ಕರೆ ಚೀಲ ಹಾಗೇ ಇತ್ತಂತೆ.

ಬರೆಯಲು ಆಗುತ್ತಿಲ್ಲ.

ಅಕ್ಟೋಬರ್ ೨೦

ಅಮ್ಮಾಜಮ್ಮನ ಅತ್ತೆಗೆ ಜ್ವರ ಅಂತ ಕೇಳಿ ಹೋದೆ. ಕೈಯಲ್ಲಿ ಬರೀ ರಸದ ಪಾತ್ರೆ. ಬಾಗಿಲಲ್ಲೇ ತಡೆದಳು. ದನಿ ಏರಿಸಲಿಲ್ಲ. ಏರಿಸದೆ ಮಾತಾಡಿದ್ದು ಇದೇ ಮೊದಲು.

"ನೀನು ಕೇಳಿದ್ಮೇಲೆ ಯಾರು ಉಳುದ್ರು ಏಳು. ನಮ್ಮುದ್ಕಿ ಇನ್ನೂ ಇರ್ಬೇಕು ಕಣಮ್ಮ. ಓಗು."

ಬಾಗಿಲು ಹಾಕಿಕೊಂಡಳು. ರಸ ತಣ್ಣಗಾಯಿತು, ನಾವೇ ಉಂಡೆವು.

ಅಕ್ಟೋಬರ್ ೨೯

ಈಗ ನಲ್ಲಿಯ ಹತ್ತಿರ ಹೋದರೆ ಕೊಡಗಳು ತಾವಾಗಿ ಸರಿಯುತ್ತವೆ. ಮೂರು ಕೊಡ, ನಾಲ್ಕು ಕೊಡ, ಬೇಕಾದಷ್ಟು. ಯಾರೂ ಜಗಳ ಆಡುವುದಿಲ್ಲ. ಅಜ್ಜಿ ಹೇಗಿದ್ದಾಳೆ ಅಂತ ಒಂದು ಹುಡುಗಿಯನ್ನು ಕೇಳಿದರೆ ಕೊಡ ಅಲ್ಲೇ ಬಿಟ್ಟು ಓಡಿತು. ಬೆಳಿಗ್ಗೆ ಊಟ ಆಯಿತಾ ಅಂತ ಕೇಳುವುದಕ್ಕೂ ನನಗೇ ಹೆದರಿಕೆ. ಜಗಳ ಮಾಡದೆ ತಂದ ನೀರು ಗಂಟಲಿನಲ್ಲಿ ಇಳಿಯುವುದಿಲ್ಲ.

ಇಲ್ಲ, ನನಗೆ ನಂಬಿಕೆಯಿಲ್ಲ. ಇದೆಲ್ಲ ಕಾಕತಾಳೀಯ. ಐದನೇ ಕ್ಲಾಸಿನ ಮಕ್ಕಳಿಗೂ ಹಾಗೇ ಹೇಳುತ್ತೇನೆ.

ನವೆಂಬರ್ ೫

ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಾ ಅಂದರು. "ನಮ್ಮ ಜಾಗದಾಗೆ ಬಂಡೆ ಮಾತಾಡ್ತಾ ಅದೆ."

ಗೊತ್ತಿರುವ ಮಾತೇ. ಒತ್ತಡ ಹೆಚ್ಚಾದರೆ ಬಂಡೆ ಚಟಚಟ ಅನ್ನುತ್ತದೆ, ಉಪ್ಪು ಒಲೆಗೆ ಬಿದ್ದ ಹಾಗೆ. ಗಣಿಯವರು ಅದನ್ನು ಮಾತಾಡುವುದು ಅನ್ನುತ್ತಾರೆ. ರಜ ಹಾಕಿ ಅಂದೆ. ಸಂಕ್ರಾಂತಿ ಆದಮೇಲೆ ಅವರ ಗ್ಯಾಂಗನ್ನು ಬೇರೆ ಲೆವೆಲ್ಲಿಗೆ ಹಾಕುತ್ತಾರಂತೆ, ಅಲ್ಲಿಯ ತನಕ ಪೆರುಮಾಳ್ ಒಬ್ಬನನ್ನೇ ಕೆಳಗೆ ಬಿಟ್ಟು ಮನೆಯಲ್ಲಿ ಕೂರಲೇ ಅಂದರು.

ಮಜ್ಜಿಗೆ ಬಡಿಸುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಮಾತು ಬಂತು.

"ನನ್ನ ಬಾಳು ಗೊತ್ತಿದ್ದೋರು ಕೋದಂಡಣ್ಣ ಒಬ್ರೇ. ಅವ್ರೂ ಓದ್ರು. ನಿಂಗೊಂದ್ಸಲ ಏಳಿ ಮುಗಿಸ್ಬಿಡ್ತೀನಿ ಕೂತ್ಕೊ."

ಮಜ್ಜಿಗೆ ಚೆಲ್ಲಿತು. ಮಜ್ಜಿಗೆ ಕೈಯಲ್ಲೇ ಅವರ ಬಾಯಿ ಮುಚ್ಚಿದೆ.

ಇಷ್ಟು ವರ್ಷ ಕೇಳಿದರೂ ಹೇಳದವರು, ಈಗ!

ನವೆಂಬರ್ ೧೨

ಇವರು ಬಾಯಿ ತೆರೆದರೆ ರೇಡಿಯೋ ಹಾಕುತ್ತೇನೆ. ರೇಡಿಯೋ ಇಲ್ಲದಿದ್ದರೆ ಪಾತ್ರೆ ತಿಕ್ಕುತ್ತೇನೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತೇನೆ. ಮೊದಮೊದಲು ನಗುತ್ತಿದ್ದರು. "ಎಲ್ರದ್ದೂ ಕೇಳ್ತೀಯ, ನನ್ದು ಮಾತ್ರ ಬೇಡ್ವಾ?" ಅಂದರು ಇವತ್ತು. ನಗು ಇರಲಿಲ್ಲ ಆ ಮಾತಿನಲ್ಲಿ.

ಏನು ಉತ್ತರ ಕೊಡಲಿ. ನಿಮ್ಮದು ಬೇಡವಾದ್ದರಿಂದಲ್ಲ. ನೀವು ಬೇಕಾದ್ದರಿಂದ.

ಸಂಕ್ರಾಂತಿ ಒಂದು ಕಳೆಯಲಿ. ಆಮೇಲೆ ನಾನೇ ಕೂರಿಸಿ ಕೇಳುತ್ತೇನೆ, ಎಳ್ಳುಬೆಲ್ಲ ಕೊಟ್ಟು ಕೇಳುತ್ತೇನೆ.

ನವೆಂಬರ್ ೨೪

ಮತ್ತೆ ನೆಲ ನಡುಗಿತು. ಈ ಸಲ ಎರಡು ಲೋಟ, ಒಂದು ಫೋಟೋ. ಸಂಗು ಕೂಗಲಿಲ್ಲ. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಇವರು ಬಂದರು, ಮುಖ ತುಂಬ ಬಿಳೀ ಧೂಳು. ಟಿಫಿನ್ ಡಬ್ಬಿ ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಡಬ್ಬಿಯಲ್ಲಿ ಮುದ್ದೆ ಹಾಗೇ ಇತ್ತು, ಒಂದು ತುತ್ತು ಮುರಿದಿತ್ತು. ಪೆರುಮಾಳ್ ಹೇಳಿದ, ಇಲಿಗೆ ಹಾಕಲು ಮುರಿದದ್ದಂತೆ. ಇಲಿಗಳು ಕಾಣಲೇ ಇಲ್ಲವಂತೆ ಇವತ್ತು.

ಡಿಸೆಂಬರ್ ೩. ಭಾನುವಾರ

ಸಾಮಾನು ತರಲು ಇಬ್ಬರೂ ಬಂಗಾರಪೇಟೆಗೆ ಹೋಗಿದ್ದೆವು. ಬೇಳೆ, ಬೆಲ್ಲ, ಇವರಿಗೆ ಒಂದು ಬನಿಯನ್. ಹೋಟೆಲಿನಲ್ಲಿ ದೋಸೆ ತಿಂದೆವು. ಬಹಳ ದಿನಗಳ ಮೇಲೆ ಚೆನ್ನಾಗಿತ್ತು. ಬಂಡೆಯ ಸುದ್ದಿ ಎತ್ತಲಿಲ್ಲ, ಲೈನಿನ ಸುದ್ದಿ ಎತ್ತಲಿಲ್ಲ.

ವಾಪಸು ಬರುವಾಗ ಪ್ಲಾಟ್‌ಫಾರಂನಲ್ಲಿ ನಿಂತುಬಿಟ್ಟರು. ನೀರಿನ ನಲ್ಲಿಯ ಪಕ್ಕ ಒಂದು ಕಲ್ಲುಬೆಂಚು ಇದೆ. ದಿನಾ ನಾನು ಬ್ಯಾಗ್ ಇಟ್ಟು ಸೀರೆ ಸರಿ ಮಾಡಿಕೊಳ್ಳುವ ಬೆಂಚು. ಅದರ ಮೇಲೆ ಕೈ ಇಟ್ಟರು.

"ಇದೇ ಬೆಂಚು. ಅಪ್ಪ ನನ್ನ ಇಲ್ಲಿ ಕೂರ್ಸಿ, ಈಗ್ ಬತ್ತೀನಿ ಅಂತ ಏಳಿ, ಕೈಗೆ ಒಂದು—"

ಟ್ರೈನ್ ಬಂತು ಅಂತ ಕೂಗಿದೆ. ಬಂದಿರಲಿಲ್ಲ. ಚೀಲ ಎತ್ತಿಕೊಂಡು ಪ್ಲಾಟ್‌ಫಾರಂನ ಆ ತುದಿಗೆ ಓಡಿದೆ. ಬೆಲ್ಲದ ಪೊಟ್ಟಣ ಬಿತ್ತು, ಎತ್ತಿಕೊಳ್ಳಲಿಲ್ಲ. ತಿರುಗಿ ನೋಡಿದಾಗ ಇವರು ಇನ್ನೂ ಬೆಂಚಿನ ಹತ್ತಿರವೇ ನಿಂತಿದ್ದರು. ಕೈಯನ್ನು ಮುಂದೆ ಚಾಚಿ, ಅಂಗೈ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ನಲವತ್ತು ದಾಟಿದ ಮನುಷ್ಯ.



ಡಿಸೆಂಬರ್ ೪

ಪೂರ್ತಿ ಕೇಳಲಿಲ್ಲ. ಅರ್ಧ ಕೇಳಿದರೆ ಲೆಕ್ಕಕ್ಕಿಲ್ಲ. ಇಲ್ಲ ತಾನೆ?

ಡಿಸೆಂಬರ್ ೨೪

ಇವರು ಮತ್ತೆ ಆ ಮಾತು ಎತ್ತಿಲ್ಲ. ಶಿಫ್ಟಿಗೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಗೆದ್ದೆ ಅಂದುಕೊಳ್ಳಬೇಕು.

ನಿನ್ನೆ ಪೆರುಮಾಳನ ಹೆಂಡತಿ ಬಂದು ಮೆಲ್ಲಗೆ ಕೇಳಿದಳು, ನಿಮ್ಮನೆಯೋರು ಪೆರುಮಾಳನಿಗೆ ಏನೋ ಹೇಳಲು ಹೋದರಂತೆ, ಅವನು ಬೇಡ, ಟೀಚರಮ್ಮನಿಗೇ ಹೇಳು ಅಂದನಂತೆ. ಏನದು ಅಂತ. ಗೊತ್ತಿಲ್ಲ ಅಂದೆ.

ದಿನಾ ಬಂಗಾರಪೇಟೆಯಲ್ಲಿ ಇಳಿದಾಗ ಆ ಬೆಂಚನ್ನು ಬಿಟ್ಟು ದೂರದಿಂದ ಹೋಗುತ್ತೇನೆ.

ಜನವರಿ ೬, ೧೯೭೯

ಅಮ್ಮಾಜಮ್ಮನ ಅತ್ತೆ ಎದ್ದು ಓಡಾಡುತ್ತಿದ್ದಾಳೆ. ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ನಾನು ಕೇಳದೆ ಹೋದದ್ದಕ್ಕೆ ಬದುಕಿದಳಲ್ಲವೇ? ಹಾಗಿದ್ದರೆ ನಾನು ಮಾಡುತ್ತಿರುವುದು ಸರಿ. ಇನ್ನೊಂದು ವಾರ. ಎಳ್ಳು ಹುರಿದಿಟ್ಟಿದ್ದೇನೆ, ಕೊಬ್ಬರಿ ಹೆಚ್ಚಿದ್ದೇನೆ. ಬೆಲ್ಲ ಹೊಸದಾಗಿ ತಂದೆ.

ಜನವರಿ ೯. ಬೆಳಿಗ್ಗೆ ಎಂಟು

ಟ್ರೈನಿಗೆ ಹೊರಟಿದ್ದೆ. ಚಪ್ಪಲಿಗೆ ಕಾಲು ಹಾಕಿದಾಗ ನೆಲ ಎದ್ದು ಬಿದ್ದ ಹಾಗಾಯಿತು. ಗೂಡಿನಲ್ಲಿದ್ದ ಪಾತ್ರೆ ಎಲ್ಲ ಕೆಳಗೆ. ಎಳ್ಳು ಎಲ್ಲ ಕೆಳಗೆ.

ಸಂಗು ಕೂಗುತ್ತಿದೆ. ನಿಲ್ಲುತ್ತಿಲ್ಲ. ಎಲ್ಲರೂ ಗೇಟಿಗೆ ಓಡಿದರು. ನಾನು ಇಲ್ಲೇ ಕೂತಿದ್ದೇನೆ. ಬರೆಯುತ್ತಾ ಕೂತರೆ ಏನೂ ಆಗಿಲ್ಲ ಎಂದ ಹಾಗೆ... ಪೆರುಮಾಳ್ ಇವತ್ತು ಜ್ವರ ಬಂದು ಮನೆಯಲ್ಲಿದ್ದಾನೆ. ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ. ಅವನ ಮುಖ ನೋಡಲಾರೆ.

ಜನವರಿ ೧೪

ಇವರನ್ನು ಇನ್ನೂ ಮೇಲೆ ತೆಗೆದಿಲ್ಲ. ಇವತ್ತು ಸಂಕ್ರಾಂತಿ.

ಜನವರಿ ೧೯

ಮೊನ್ನೆ ಇವರನ್ನು ಮೇಲೆ ತಂದು ಮಣ್ಣು ಮಾಡಿದರು. ಹಾಲುತುಪ್ಪ ಆಯಿತು. ಆಯಿತು ಅಂತ ಬರೆಯಬಾರದು.

ಮಣ್ಣಿನ ಮೇಲೆ ಪೆರುಮಾಳ್ ಹಾಲು ಬಿಟ್ಟ. ಲೈನಿನ ಹತ್ತು ಮನೆಯವರೂ ಬಂದಿದ್ದರು. ಎಲೆಗೆ ಏನು ಬಡಿಸುವುದು ಅಂತ ಕೇಳಿದರು. ಮುದ್ದೆ, ಸೊಪ್ಪಿನ ಸಾರು ಅಂದೆ. ದಿನಾ ಉಣ್ಣುತ್ತಿದ್ದದ್ದು. ಇಷ್ಟವೋ ಅಲ್ಲವೋ ಕೇಳಿರಲಿಲ್ಲ.

ಪೆರುಮಾಳ್ ಮೊದಲು ಹೇಳಿದ. ಕೆಳಗೆ ಹೇಗೆ ದುಡಿಯುತ್ತಿದ್ದರು, ಯಾರನ್ನು ಹೊತ್ತು ತಂದಿದ್ದರು, ಎಲ್ಲ ನಿಜವೇ. ಕಾಗೆಗಳು ಬಂದವು, ಗೋಡೆಯ ಮೇಲೆ ಸಾಲಾಗಿ ಕೂತವು. ಒಂದೂ ಇಳಿಯಲಿಲ್ಲ. ಬಿಸಿಲೇರಿತು. ಮುದ್ದೆ ಒಣಗಿ ಬಿರುಕು ಬಿಟ್ಟಿತು. ಮಕ್ಕಳು ಈ ಸಲ ರಾಗ ತೆಗೆಯಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಂತು.

ಅಮ್ಮಾಜಮ್ಮ ಹತ್ತಿರ ಬಂದಳು. ನನ್ನ ಹೆಗಲ ಮೇಲೆ ಕೈ ಇಟ್ಟಳು. "ಏಳಮ್ಮ. ನಿಂಗಲ್ದೆ ಇನ್ಯಾರಿಗೆ ಗೊತ್ತು."

ಊರಿನವರೆಲ್ಲರ ಬಾಳು ನನ್ನ ಎದೆಯಲ್ಲಿದೆ. ಇಲಿ, ಬೂಟು, ಕನಕಾಂಬರ, ಪರದೆಯ ಹಿಂದಿನ ಸಿನಿಮಾ. ನನ್ನ ಮನೆಯವರದ್ದೊಂದು ಇಲ್ಲ. ಕೊಡಲು ಬಂದಾಗ ನಾನೇ ಓಡಿದೆ.

ಮೊದಲು ಹೆಸರು ಹೇಳಬೇಕು. ಮದುವೆಯಾದಾಗಿನಿಂದ ಒಂದು ಸಲವೂ ಬಾಯಲ್ಲಿ ತಂದ ಹೆಸರಲ್ಲ. ಇಲ್ಲಿ ಬರೆದೂ ಇಲ್ಲ. ಬಚ್ಚಪ್ಪ ಅಂದೆ. ಜೋರಾಗಿ ಅಂದೆ. ಒಂದು ಕಾಗೆ ಗೋಡೆಯಿಂದ ಇಳಿದು ಎಲೆಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಕತ್ತು ಓರೆ ಮಾಡಿ ನನ್ನನ್ನೇ ನೋಡಿತು.

ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನೇ ಹೇಳಿದೆ. ಬಂಗಾರಪೇಟೆ ಸ್ಟೇಷನ್ನು, ನೀರಿನ ನಲ್ಲಿಯ ಪಕ್ಕದ ಕಲ್ಲುಬೆಂಚು, ಅವರ ಅಪ್ಪ ಅವರನ್ನು ಅಲ್ಲಿ ಕೂರಿಸಿ, ಈಗ ಬರುತ್ತೇನೆ ಅಂತ ಹೇಳಿ, ಕೈಗೆ ಒಂದು—